ಕಸಾರಾದಲ್ಲಿ ಎಂತ ಉಂಟು?

ಅರವತ್ತೇಳನೆಯ ವಯಸ್ಸಿನಲ್ಲಿ ನಾನು ಮನೆಯಲ್ಲಿ ಸುಳ್ಳು ಹೇಳಿ ತಿರುಗಾಡಲು ಹೋದೆ. ಹದಿನೇಳರಲ್ಲಿ ಮಾಡಬೇಕಾದ ಕೆಲಸ ಇದು. ಆಗ ಧೈರ್ಯವಿರಲಿಲ್ಲ. ಈಗ ಧೈರ್ಯ ಬಂದಿದೆ, ಮೊಣಕಾಲು ಹೋಗಿದೆ. ಸುಳ್ಳು ಹೇಳಿದ್ದಕ್ಕೆ ನನಗೆ ನಾಚಿಕೆಯಾಗಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಬಂದದ್ದು ಸಿಟ್ಟು. ಅದು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡೋಣ ಎಂದು ಕೂತಿದ್ದೇನೆ. ಸಮಾಧಾನವಾದ ಮೇಲೆ ಬರೆದರೆ ನಾನೂ ಎಲ್ಲರ ಹಾಗೆ ‘ಮಕ್ಕಳು ಹೇಳುವುದು ನಮ್ಮ ಒಳ್ಳೆಯದಕ್ಕೇ ಅಲ್ಲವೇ’ ಎಂದು ಬರೆದುಬಿಡುವ ಅಪಾಯವಿದೆ.

ಹೋದದ್ದು ಕಸಾರಾಕ್ಕೆ. ಮುಂಬಯಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ನಮ್ಮ ಸೆಂಟ್ರಲ್ ಲೈನಿನಲ್ಲಿ ಲೋಕಲ್ ಗಾಡಿ ಹೋಗಿ ಮುಟ್ಟುವ ಕಟ್ಟಕಡೆಯ ಸ್ಟೇಷನ್ನುಗಳಲ್ಲಿ ಅದೊಂದು. ಅದರಾಚೆ ಘಟ್ಟ ಶುರು. ಲೋಕಲ್‌ಗೆ ಘಟ್ಟ ಹತ್ತುವ ಅಭ್ಯಾಸವಿಲ್ಲ. ಅಲ್ಲಿಯವರೆಗೆ ಹೋಗಿ ತಿರುಗಿ ಬರುತ್ತದೆ. ಇಷ್ಟೇ ಕಸಾರಾ. ಅಲ್ಲಿ ನನಗೆ ನೆಂಟರಿಲ್ಲ, ಇಷ್ಟರಿಲ್ಲ, ವೈದ್ಯರಿಲ್ಲ, ಹರಕೆಯಿಲ್ಲ. ಜಗಳ ಶುರುವಾದದ್ದೇ ಇದರಿಂದ.

ನಾನು ಮೂವತ್ತೊಂದು ವರ್ಷ ಗ್ರಾಂಟ್ ರೋಡಿನ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ಮನೆ ಸಯನ್‌ನಲ್ಲಿ. ಬೆಳಿಗ್ಗೆ ಸಯನ್‌ನಲ್ಲಿ ಗಾಡಿ ಹತ್ತಿ, ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ, ವೆಸ್ಟರ್ನ್ ಲೈನಿನ ಗಾಡಿ ಹಿಡಿದು ಗ್ರಾಂಟ್ ರೋಡ್. ಸಂಜೆ ಅದೇ ದಾರಿ ತಿರುಗಿಸಿ. ಹೋಟೆಲು ಕೆಲಸದವರ ಮಕ್ಕಳಿಗೆ ಆಂಡಿಸ್ ಪರ್ವತ ತೋರಿಸಿದ್ದೇನೆ, ಸಹಾರಾ ದಾಟಿಸಿದ್ದೇನೆ, ಅಮೆಜಾನಿನಲ್ಲಿ ಮಳೆ ಸುರಿಸಿದ್ದೇನೆ. ಸ್ವತಃ ನಾನು ಮಾತ್ರ ಆ ಒಂದು ಗಂಟೆಯ ದಾರಿಯನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿ ಉಜ್ಜಿ ಸವೆಸಿದೆ. ದಾದರ್‌ನಲ್ಲಿ ಇಂಡಿಕೇಟರಿನ ಮೇಲೆ ಆಗಾಗ ‘ಕಸಾರಾ’ ಎಂದು ಬರುತ್ತಿತ್ತು. ಆ ಹೆಸರು ಕಂಡಾಗಲೆಲ್ಲ, ಒಂದು ದಿನ ಶಾಲೆಗೆ ಹೋಗದೆ ಇದನ್ನೇ ಹತ್ತಿ ಕೂತರೆ ಏನಾಗುತ್ತದೆ ಎಂದುಕೊಳ್ಳುತ್ತಿದ್ದೆ. ಏನಾಗುತ್ತದೆ ಎಂದರೆ ಹೆಡ್ ಮಾಸ್ತರರ ನೋಟೀಸು ಬರುತ್ತದೆ. ಹಾಗಾಗಿ ಹತ್ತಲಿಲ್ಲ.

ಈ ಪ್ರಯಾಣದ ಆಸೆ ಎನ್ನುವುದು ವಯಸ್ಸಿನ ಜೊತೆ ಎಷ್ಟು ಸಲ ಬಟ್ಟೆ ಬದಲಿಸುತ್ತದೆ ನೋಡಿ. ಐದು ವರ್ಷಕ್ಕೆ ಪ್ರಯಾಣ ಎಂದರೆ ಕಿಟಕಿ; ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದು ದೊಡ್ಡವರ ಚಿಂತೆ. ಇಪ್ಪತ್ತಕ್ಕೆ ನನಗೆ ಅಲಾಸ್ಕ ನೋಡಬೇಕೆಂದಿತ್ತು. ಅಟ್ಲಾಸಿನಲ್ಲಿ ಅದು ಮೇಲಿನ ಮೂಲೆಯಲ್ಲಿ ಯಾರ ಗೊಡವೆಯೂ ಬೇಡವೆಂಬಂತೆ ಕೂತಿರುತ್ತದೆ ಎಂಬುದು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಮೂವತ್ತೈದಕ್ಕೆ ಪ್ರಯಾಣ ಎಂದರೆ ಬೇಸಿಗೆ ರಜೆಯಲ್ಲಿ ಕುಂದಾಪುರಕ್ಕೆ ಹೋಗುವ ಬಸ್ಸು, ತೊಡೆಯ ಮೇಲೆ ವಾಂತಿ ಮಾಡಿಕೊಳ್ಳುವ ಮಗ, ಕೈಯಲ್ಲಿ ನಿಂಬೆಹಣ್ಣು, ಕಾಲಡಿಯಲ್ಲಿ ಆರು ಚೀಲ. ಆಗ ಯಾರಾದರೂ ನನಗೆ ಅಲಾಸ್ಕದ ಟಿಕೆಟ್ಟು ಕೊಟ್ಟಿದ್ದರೆ, ಅಲ್ಲಿ ಮಲಗಲು ಜಾಗ ಇದೆಯೇ ಎಂದು ಕೇಳುತ್ತಿದ್ದೆ. ಐವತ್ತಕ್ಕೆ ಆಸೆ ಮತ್ತೆ ತಲೆ ಎತ್ತಿತು, ಆದರೆ ಪರೀಕ್ಷೆ, ಪೇಪರು, ಚುನಾವಣೆ ಡ್ಯೂಟಿ, ಜನಗಣತಿ. ಈಗ ರಜೆ ಬೇಕಾದಷ್ಟಿದೆ, ಪೆನ್ಶನ್ ಇದೆ, ಎರಡರಲ್ಲಿ ಒಂದು ಮೊಣಕಾಲೂ ಇದೆ. ಎಲ್ಲಿಗೆ ಹೋಗೋಣವೆಂದರೂ ಮೊದಲು ಬರುವ ಪ್ರಶ್ನೆ ಅಲ್ಲಿ ನೋಡಲು ಏನಿದೆ ಎಂಬುದಲ್ಲ, ಬಾತ್‌ರೂಮು ಎಲ್ಲಿದೆ ಎಂಬುದು. ಇದನ್ನು ನಾನೇ ಒಪ್ಪಿಕೊಳ್ಳುತ್ತೇನೆ, ಬೇರೆಯವರು ನೆನಪಿಸಬೇಕಾಗಿಲ್ಲ.

ಅಲಾಸ್ಕದಿಂದ ಕಸಾರಾಕ್ಕೆ ಇಳಿದದ್ದು ಸೋಲು ಎಂದು ಯಾರಾದರೂ ಅಂದರೆ ಅವರಿಗೆ ಭೂಗೋಳ ಬರುವುದಿಲ್ಲ ಎಂದು ಅರ್ಥ. ನಕಾಶೆ ಓದುವಾಗ ಮಕ್ಕಳಿಗೆ ಯಾವಾಗಲೂ ಗೊಂದಲವಾಗುವ ಒಂದು ಸಂಗತಿಯಿದೆ. ಇಡೀ ಪ್ರಪಂಚವನ್ನು ತೋರಿಸುವ ನಕಾಶೆಗೆ ಸಣ್ಣ ಪ್ರಮಾಣದ ನಕಾಶೆ ಎನ್ನುತ್ತೇವೆ. ಒಂದೇ ಒಂದು ಹಳ್ಳಿಯನ್ನು ತೋರಿಸುವುದಕ್ಕೆ ದೊಡ್ಡ ಪ್ರಮಾಣದ್ದು ಎನ್ನುತ್ತೇವೆ. ‘ಟೀಚರ್, ಉಲ್ಟಾ ಆಯ್ತಲ್ಲ’ ಎಂದು ವರ್ಷವೂ ಒಬ್ಬರಾದರೂ ಎದ್ದು ನಿಲ್ಲುತ್ತಿದ್ದರು. ಉಲ್ಟಾ ಏನೂ ಅಲ್ಲ. ಜಾಗ ಕಡಿಮೆಯಾದಷ್ಟೂ ಬಾವಿ, ಗುಡಿ, ಕಾಲುದಾರಿ ಎಲ್ಲ ಕಾಣಿಸಿಕೊಳ್ಳುತ್ತವೆ. ನನ್ನ ಆಸೆಗೂ ಆದದ್ದು ಅಷ್ಟೇ.

ನಮ್ಮವರ ಕಥೆ ಬೇರೆ. ಇವರು ಒಂದು ಬಣ್ಣದ ಕಂಪೆನಿಯ ಸೇಲ್ಸ್‌ಮನ್ ಆಗಿ ಮೂವತ್ತೈದು ವರ್ಷ ಇಡೀ ಮಹಾರಾಷ್ಟ್ರವನ್ನು ಬಸ್ಸಿನಲ್ಲಿ ಅಳೆದವರು. ತಿಂಗಳಿಗೆ ಇಪ್ಪತ್ತು ದಿನ ಲಾಡ್ಜು. ಹೀಗಾಗಿ ಪ್ರಯಾಣ ಎಂದರೆ ಯಾರಾದರೂ ಸಂಬಳ ಕೊಟ್ಟರೆ ಮಾಡುವ ಕೆಲಸ ಎಂದು ಇವರ ತಿಳಿವಳಿಕೆ. ನಿವೃತ್ತರಾದ ದಿನ ಸೂಟ್‌ಕೇಸನ್ನು ಮಂಚದಡಿಗೆ ತಳ್ಳಿದವರು ಮತ್ತೆ ಎಳೆದಿಲ್ಲ. ಇವರ ಕಾಲು ಈಗಲೂ ಗಟ್ಟಿ. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಆ ಗಟ್ಟಿ ಕಾಲಿನ ಸಂಚಾರ. ಶಕ್ತಿ ಇರುವವರಿಗೆ ಆಸೆ ಇಲ್ಲ, ಆಸೆ ಇರುವವಳ ಶಕ್ತಿಯ ಬಗ್ಗೆ ಮನೆಮಂದಿಗೆ ಅನುಮಾನ.

ಅನುಮಾನಕ್ಕೆ ಕಾರಣ ನಾನೇ ಒದಗಿಸಿದ್ದೆ. ಹೋದ ಮಳೆಗಾಲದಲ್ಲಿ ದಾದರ್‌ನ ಸೇತುವೆಯ ಮೆಟ್ಟಿಲ ಮೇಲೆ ಜಾರಿ ಕೂತೆ. ತಪ್ಪು ನನ್ನ ಹೊಸ ಚಪ್ಪಲಿಯದು. ಆದದ್ದು ಮೊಣಕೈಗೆ ಒಂದು ತರಚು ಗಾಯ, ಸೀರೆಗೆ ಒಂದಿಷ್ಟು ಕೆಸರು. ಎದ್ದು ನಿಂತು, ಕೊಡವಿಕೊಂಡು, ಕೊಳ್ಳಬೇಕಾಗಿದ್ದ ತರಕಾರಿ ಕೊಂಡೇ ಮನೆಗೆ ಬಂದೆ. ಅಂದು ಸಂಜೆಯೇ ಮಗ ನಿಖಿಲ ನನ್ನ ಫೋನಿನಲ್ಲಿ ಏನೋ ಒತ್ತಿ, ನಾನು ಎಲ್ಲಿದ್ದೇನೆ ಎಂದು ಅವನ ಫೋನಿನಲ್ಲಿ ಸದಾ ಕಾಣುವಂತೆ ಮಾಡಿದ. ಒಂದು ನೀಲಿ ಚುಕ್ಕೆ. ಅದೇ ನಾನು. ಭೂಪಟದ ಮೇಲೆ ಕೋಲಿಟ್ಟು ‘ಇದು ಜಿಬ್ರಾಲ್ಟರ್’ ಎಂದು ತೋರಿಸುತ್ತಿದ್ದವಳು ಈಗ ಸ್ವತಃ ಭೂಪಟದಲ್ಲಿ ಸಿಕ್ಕಿಕೊಂಡಿದ್ದೇನೆ.

ಒಂದು ಭಾನುವಾರ ಊಟಕ್ಕೆ ಕೂತಾಗ ನಾನು ಸಹಜವಾಗಿ, ಉಪ್ಪಿನಕಾಯಿ ಬಡಿಸುತ್ತಾ, “ಮಂಗಳವಾರ ಕಸಾರಾಕ್ಕೆ ಹೋಗಿಬರ್ತೇನೆ” ಎಂದೆ. ಮೂವರೂ ಕೈ ನಿಲ್ಲಿಸಿದರು.

“ಕಸಾರಾ? ಅಲ್ಲಿ ಹೈ ಕ್ಯಾ, ಅಮ್ಮಾ?” ಎಂದ ನಿಖಿಲ. ಅವನ ಕನ್ನಡದಲ್ಲಿ ಹಿಂದಿ ಯಾವ ಸ್ಟೇಷನ್ನಿನಲ್ಲಿ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಹೇಳುವುದು ಕಷ್ಟ.

“ಅಮ್ಮಾ, ಒಬ್ಬರೇ ಹೋಗೋದು ಬೇಡ ನಾ. ಇಷ್ಟು ದೂರ. ಕಾಯ್ ತರೀ ಝಾಲಂ ತರ್?” ಎಂದಳು ಸೊಸೆ ಕೇತಕಿ. ಪುಣೆಯ ಹುಡುಗಿ, ನನಗಾಗಿ ಕನ್ನಡ ಕಲಿತಿದ್ದಾಳೆ. ಗಾಬರಿಯಾದಾಗ ಮಾತ್ರ ಮರಾಠಿ ನುಗ್ಗುತ್ತದೆ. ಏನಾದರೂ ಆದರೆ ಎಂಬುದು ಅವಳ ಭಯ.

ನಮ್ಮವರು ಸಾರು ಸುರಿದುಕೊಂಡು ಕೇಳಿದರು: “ಕಸಾರಾದಲ್ಲಿ ಎಂತ ಉಂಟು?”

ಎಂತ ಉಂಟು! ಹೋದ ವರ್ಷ ನಿಖಿಲ, ಕೇತಕಿ ವಿಯೆಟ್ನಾಮಿಗೆ ಹೋಗಿಬಂದರು. ಅಲ್ಲಿ ಇವರ ಯಾವ ಸೋದರತ್ತೆ ಇದ್ದಳು? ನಾನು ಕೇಳಿದೆನೆ? ಚಕ್ಕುಲಿ ಮಾಡಿ ಡಬ್ಬಿಗೆ ತುಂಬಿ ಕೊಟ್ಟೆ. ಮೂವತ್ತೆಂಟರ ಮನುಷ್ಯ ಎಲ್ಲಿಗಾದರೂ ಹೊರಟರೆ ಅದು ‘ಬ್ರೇಕ್’. ಅರವತ್ತೇಳರವಳು ಹೊರಟರೆ ಅದಕ್ಕೆ ಅರ್ಜಿ ಬೇಕು, ಅರ್ಜಿಯಲ್ಲಿ ಕಾರಣ ಬೇಕು, ಕಾರಣಕ್ಕೆ ಸಾಕ್ಷಿ ಬೇಕು. ನಾನು ಆಮೇಲೆ ಯೋಚಿಸಿ ನೋಡಿದೆ. ನಮ್ಮ ವಯಸ್ಸಿನವರಿಗೆ ಹೊರಡಲು ಈ ಸಮಾಜ ಒಪ್ಪುವ ಕಾರಣಗಳೇ ನಾಲ್ಕು: ಮದುವೆ, ಸಾವು, ಆಸ್ಪತ್ರೆ, ದೇವಸ್ಥಾನ. ಇವು ಬಿಟ್ಟು ಐದನೆಯ ಕಾರಣ ಹೇಳಿದವರ ಬಿಪಿ ನೋಡುತ್ತಾರೆ.

ಹಿರಿಯ ನಾಗರಿಕರಿಗೆಂದೇ ಪ್ರವಾಸ ಏರ್ಪಡಿಸುವವರ ಕರಪತ್ರವೊಂದನ್ನು ಕೇತಕಿ ತಂದುಕೊಟ್ಟಳು, ನನ್ನ ಸಮಾಧಾನಕ್ಕೆ. ಓದಿ ಸಿಟ್ಟು ಇಮ್ಮಡಿಯಾಯಿತು. ಎಂಟು ದಿನಕ್ಕೆ ಹದಿನಾಲ್ಕು ದೇವಸ್ಥಾನ, ಖಾರವಿಲ್ಲದ ಊಟ, ಜೊತೆಗೊಬ್ಬ ಡಾಕ್ಟರು, ಸಂಜೆ ಭಜನೆ. ಕೊನೆಯಲ್ಲಿ ಮನೆಯವರ ಒಪ್ಪಿಗೆಯ ಸಹಿಗೆ ಒಂದು ಗೆರೆ. ಶಾಲೆಯ ಪಿಕ್‌ನಿಕ್ಕಿಗೆ ಮಕ್ಕಳನ್ನು ಕರೆದೊಯ್ಯುವಾಗ ನಾನು ಪಾಲಕರಿಂದ ಹಾಕಿಸಿಕೊಳ್ಳುತ್ತಿದ್ದ ಸಹಿ ಅದು. ನನ್ನ ಪಾಲಕ ಈಗ ನಿಖಿಲ. ಅವನ ಒದ್ದೆ ಚಡ್ಡಿ ಬದಲಾಯಿಸಿದ ಕೈ ಇನ್ನೂ ಹಾಗೆಯೇ ಇದೆ.

ನಮ್ಮ ಹಿಂದಿನವರು ಇಷ್ಟು ದಡ್ಡರಾಗಿರಲಿಲ್ಲ. ತಲೆ ನೆರೆತ ಮೇಲೆ ವಾನಪ್ರಸ್ಥ ಎಂದು ಇಟ್ಟರು, ಅಂದರೆ ಮುದುಕರಾದ ಮೇಲೆಯೇ ಹೊರಡಬೇಕು. ಹೊರಟವರನ್ನು ಮಗ ಬಾಗಿಲಲ್ಲಿ ತಡೆದು ‘ಕಾಡಿನಲ್ಲಿ ಏನಿದೆ?’ ಎಂದು ಕೇಳಿದ್ದು ನಾನು ಎಲ್ಲೂ ಓದಿಲ್ಲ. ಕಾಶಿಗೆ ಹೋಗುತ್ತಿದ್ದವರೂ ವಯಸ್ಸಾದವರೇ. ಪ್ರಾಯದವರು ಹೊಲ, ಒಲೆ, ತೊಟ್ಟಿಲು ನೋಡಿಕೊಂಡು ಮನೆಯಲ್ಲಿ ಬಿದ್ದಿರುತ್ತಿದ್ದರು. ಈಗ ಉಳಿದಿರುವುದು ಮದುವೆಮನೆಯ ಕಾಶಿಯಾತ್ರೆ ಮಾತ್ರ. ಹೋಗುವ ಮನಸ್ಸು ಎಳ್ಳಷ್ಟೂ ಇಲ್ಲದ ಮದುಮಗ ಕೊಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾನೆ, ಮಾವ ತಡೆಯುತ್ತಾನೆ, ತಡೆದದ್ದಕ್ಕೆ ಹೆಣ್ಣು ಕೊಡುತ್ತಾನೆ. ನಿಜವಾಗಿ ಹೋಗುವ ಮನಸ್ಸಿದ್ದ ನನ್ನನ್ನು ತಡೆದು ಇವರು ಕೊಟ್ಟದ್ದು ಮೊಣಕಾಲಿಗೆ ಹಾಕಿಕೊಳ್ಳುವ ಒಂದು ಪಟ್ಟಿ.

ಎರಡು ದಿನ ನಾನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ನಮ್ಮವರಿಗೆ ಕಾಫಿ ತಣ್ಣಗೆ ಸಿಗತೊಡಗಿತು. ಮೂರನೆಯ ದಿನ ಅವರು ಬಾಲ್ಕನಿಯಿಂದ ಒಳಗೆ ಬಂದು ತಗ್ಗಿದ ದನಿಯಲ್ಲಿ, “ಟಿಟ್ವಾಲಾ ಹೇಳು ಮಾರಾಯ್ತಿ. ಅದೇ ಲೈನು ಅಲ್ವಾ?” ಎಂದರು. ಸೇಲ್ಸ್‌ಮನ್ ಬುದ್ಧಿ ಎಲ್ಲಿ ಹೋಗುತ್ತದೆ?

ಟಿಟ್ವಾಲಾದಲ್ಲಿ ಗಣಪತಿಯ ಹೆಸರಾಂತ ದೇವಸ್ಥಾನವಿದೆ. ಕಸಾರಾ ಗಾಡಿಯಲ್ಲೇ ಹೋಗಬೇಕು, ಅರ್ಧದಲ್ಲಿ ಇಳಿಯಬೇಕು. ರಾತ್ರಿ ಊಟಕ್ಕೆ ಕೂತಾಗ “ಟಿಟ್ವಾಲಾ ಗಣಪತಿಗೆ ಹೋಗಿಬರಬೇಕು ಅಂತ ಮನಸ್ಸಾಗಿದೆ” ಎಂದೆ. “ಅರೆ, ಜರೂರ್ ಹೋಗು” ಎಂದ ನಿಖಿಲ. ಕೇತಕಿ ಕೈ ಮುಗಿದಳು. ಬೆಳಿಗ್ಗೆ ಒಂದು ತೆಂಗಿನಕಾಯಿ, ಊದುಬತ್ತಿ ತಂದು ಚೀಲದಲ್ಲಿಟ್ಟು, “ನನ್ನ ಪ್ರಮೋಶನ್‌ಗೂ ಹೇಳಿ ಅಮ್ಮಾ” ಎಂದಳು. ಅದೇ ಮೊಣಕಾಲು, ಅದೇ ಗಾಡಿ, ಅದೇ ಒಂಟಿ ಮುದುಕಿ. ಮೊನ್ನೆ ಇದ್ದ ಅಪಾಯಗಳೆಲ್ಲ ಎಲ್ಲಿಗೆ ಹೋದವು? ನಾನು ದೇವರನ್ನು ನಂಬುವವಳೇ. ಆದರೆ ಅವನ ಹೆಸರಿನಲ್ಲಿ ಪಾಸು ತೆಗೆಸಿಕೊಂಡು ಹೋಗಬೇಕಾಗಿ ಬಂದದ್ದು ಅವನಿಗೂ ಅವಮಾನ, ನನಗೂ ಅವಮಾನ.

ಅಂತೂ ಗುರುವಾರ ಹೊರಟೆ. ಮುಂಬಯಿಯಲ್ಲಿ ಬದುಕಿದವರಿಗೆ ಗೊತ್ತು: ಕಿಟಕಿ ಬೇಕಿದ್ದರೆ ಮೊದಲು ಹಿಂದಕ್ಕೆ ಹೋಗಬೇಕು. ಕಸಾರಾ ಉತ್ತರಕ್ಕಿದ್ದರೆ ನಾನು ದಕ್ಷಿಣಕ್ಕೆ ಹೋಗಿ, ಗಾಡಿ ಹೊರಡುವ ಸಿಎಸ್‌ಎಂಟಿಯಲ್ಲಿ ಖಾಲಿ ಡಬ್ಬ ಹತ್ತಿ, ಗಾಳಿ ಬರುವ ದಿಕ್ಕಿನ ಕಿಟಕಿ ಹಿಡಿದೆ. ಎದುರಿಗೆ ಕೂತ ಹುಡುಗಿ “ಆಜಿ, ಪಿಶವೀ ವರ್ ಠೇವೂ ಕಾ?” ಎಂದು ಚೀಲ ಮೇಲಿಡಲು ಕೈ ಚಾಚಿದಳು. ‘ಆಜಿ’ ಎನಿಸಿಕೊಂಡರೂ ಅಂದು ನನಗೆ ಬೇಸರವಾಗಲಿಲ್ಲ. ಚೀಲವನ್ನು ಮಾತ್ರ ತೊಡೆಯ ಮೇಲೇ ಇಟ್ಟುಕೊಂಡೆ. ಗಾಡಿ ಹೊರಟಿತು. ಬೈಕಲಾ ದಾಟಿತು. ಅಲಾಸ್ಕದ ಅಧಿಪತಿಯಂತೆ ಕೂತಿದ್ದೆ.

ಮುಂದೆ ಆದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ‘ಅಗಲಾ ಸ್ಟೇಷನ್, ದಾದರ್’ ಎಂದು ಗಾಡಿಯ ಧ್ವನಿ ಹೇಳಿತು. ನನ್ನ ಕಾಲುಗಳು ಎದ್ದು ನಿಂತವು. ನಾನು ಕಿಟಕಿಯಾಚೆಯ ಒಂದು ಹಳೆಯ ಮಿಲ್ಲಿನ ಚಿಮಣಿಯ ಬಗ್ಗೆ ಏನೋ ಯೋಚಿಸುತ್ತಿದ್ದೆ. ಕಾಲುಗಳು ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲಿಗೆ ಹೋದವು. ಕೈ ಕಂಬ ಹಿಡಿಯಿತು. ಬಾಯಿ ಮುಂದೆ ನಿಂತವಳನ್ನು “ದಾದರ್?” ಎಂದು ಕೇಳಿತು. ಗಾಡಿ ನಿಲ್ಲುವ ಮೊದಲೇ ಹಿಂದಿನವರು ದೂಡಿದರು, ಇಳಿದೆ, ಇಳಿದು ಚೀಲ ಎದೆಗವಚಿಕೊಂಡು ಸೇತುವೆಯ ಕಡೆ ನಡೆದೆ. ಹದಿನೈದು ಮೆಟ್ಟಿಲು ಹತ್ತಿದ ಮೇಲೆ, ವೆಸ್ಟರ್ನ್ ಲೈನಿನ ಕಡೆ ತಿರುಗುವ ತಿರುವಿನಲ್ಲಿ, ಚೀಲದೊಳಗಿನ ತೆಂಗಿನಕಾಯಿ ಪಕ್ಕೆಗೆ ತಿವಿಯಿತು. ಇವತ್ತು ಶಾಲೆಯಿಲ್ಲ ಎಂದು ಆಗ ನೆನಪಾಯಿತು. ಶಾಲೆ ಬಿಟ್ಟು ಒಂಬತ್ತು ವರ್ಷವಾಗಿದೆ. ಕೆಳಗೆ ಕಸಾರಾ ಲೋಕಲ್ ನನ್ನ ಕಿಟಕಿಯನ್ನು ಹೊತ್ತುಕೊಂಡು ಹೋಗುತ್ತಿತ್ತು.

ಆ ಮೆಟ್ಟಿಲ ಮೇಲೆ ನಿಂತು ನಾನು ನನ್ನನ್ನೇ ಬೈದುಕೊಂಡೆ, ಮಕ್ಕಳನ್ನೂ ಹಾಗೆ ಬೈದಿರಲಿಲ್ಲ. ಸಯನ್ ಅಲ್ಲಿಂದ ಎರಡೇ ಸ್ಟೇಷನ್. ಮನೆಗೆ ಹೋಗಿ ಮಲಗಬಹುದಿತ್ತು. ಆದರೆ ಹಾಗೆ ಹೋದರೆ ಮನೆಯವರ ಅನುಮಾನ ನಿಜವಾಗುತ್ತದೆ, ನಾನೇ ಅದಕ್ಕೆ ಸಹಿ ಹಾಕಿದಂತಾಗುತ್ತದೆ. ಕೆಳಗಿಳಿದು ಬೆಂಚಿನ ಮೇಲೆ ಕೂತೆ. ಅರ್ಧ ಗಂಟೆಗೆ ಫೋನಿಗೆ ಮೆಸೇಜು ಬಂತು: ‘ದಾದರ್‌ನಲ್ಲಿ ಯಾಕೆ?’ ನೀಲಿ ಚುಕ್ಕೆ ನಿಂತದ್ದು ಅವನಿಗೆ ಕಂಡಿದೆ. ‘ಗಣಪತಿಗೆ ಹೂವು’ ಎಂದು ಉತ್ತರಿಸಿದೆ. ದಾದರ್‌ನಲ್ಲಿ ಹೂವಿನ ಮಾರ್ಕೆಟ್ಟು ಇರುವುದರಿಂದ ಸುಳ್ಳು ಸಲೀಸಾಗಿ ಹೋಯಿತು. ಒಂದು ಸುಳ್ಳು ಎರಡಾಯಿತು, ಎರಡರಲ್ಲೂ ದೇವರೇ ಪಾಲುದಾರ.

ಮುಂದಿನ ಗಾಡಿಯಲ್ಲಿ ಕಿಟಕಿ ಹೋಗಲಿ, ಕಲ್ಯಾಣದವರೆಗೆ ಕೂರಲು ಜಾಗವೇ ಸಿಗಲಿಲ್ಲ. ಕಲ್ಯಾಣದಲ್ಲಿ ಡಬ್ಬ ಖಾಲಿಯಾಯಿತು. ಟಿಟ್ವಾಲಾ ಬಂತು. ಗಾಡಿ ನಿಂತಷ್ಟು ಹೊತ್ತೂ ನಾನು ಸೀಟಿನ ಅಂಚು ಹಿಡಿದು ಕೂತಿದ್ದೆ, ಕಾಲುಗಳ ಮೇಲೆ ನನಗೆ ನಂಬಿಕೆಯಿರಲಿಲ್ಲ. ಗಾಡಿ ಹೊರಟು ಐದು ನಿಮಿಷವಾಗಿರಬಹುದು, ಫೋನು ಬಡಿದುಕೊಂಡಿತು.

“ಅಮ್ಮಾ, ಟಿಟ್ವಾಲಾ ಪೀಛೆ ಹೋಯ್ತು! ಎಲ್ಲಿದ್ದಿ ನೀನು? ನಿದ್ದೆ ಬಂತಾ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಅವನೇ ನನ್ನ ಕೈಗೆ ಒಂದು ನೆಪ ಕೊಟ್ಟಿದ್ದ. ಹೌದಪ್ಪ, ಕಣ್ಣು ಹತ್ತಿತು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುದುಕರು ನಿದ್ದೆ ಹೋದರೆ ಎಲ್ಲರೂ ಕ್ಷಮಿಸುತ್ತಾರೆ. ಆದರೆ ಆಮೇಲೆ ನನ್ನನ್ನು ಮಾಟುಂಗಾ ತರಕಾರಿ ಮಾರ್ಕೆಟ್ಟಿಗೂ ಒಬ್ಬಳೇ ಬಿಡುತ್ತಿರಲಿಲ್ಲ.

“ನಿದ್ದೆ ಬರಲಿಲ್ಲ. ನಾನು ಕಸಾರಾಕ್ಕೆ ಹೋಗ್ತಾ ಇದ್ದೇನೆ. ಹೊರಟದ್ದೇ ಅಲ್ಲಿಗೆ” ಎಂದೆ.

“ಮತ್ತೆ ಗಣಪತಿ?”

“ಸುಳ್ಳು ಹೇಳಿದೆ.”

“ಲೇಕಿನ್ ಅಮ್ಮಾ, ಸುಳ್ಳು ಯಾಕೆ?”

“ಯಾಕೆ, ಯಾಕೆ ಅಂತ ನೀವೆಲ್ಲ ಕೇಳ್ತೀರಲ್ಲ, ಅದಕ್ಕೇ! ಮೂವತ್ತೊಂದು ವರ್ಷ ಒಂದು ದಿನ ತಪ್ಪದೆ ಕಾರಣ ಇಟ್ಟುಕೊಂಡೇ ಗಾಡಿ ಹತ್ತಿದ್ದೇನೆ. ಇವತ್ತು ಕಾರಣ ಇಲ್ಲ. ಇಲ್ಲ ಅಂದ್ರೆ ಇಲ್ಲ. ಸಂಜೆಗೆ ಬರ್ತೇನೆ, ಅಡುಗೆ ನೀವೇ ಮಾಡಿಕೊಳ್ಳಿ.” ಎಂದು ಹೇಳಿ ಫೋನಿಟ್ಟೆ.

ಬಾಗಿಲ ಬಳಿ ಕಾಲು ಚಾಚಿ ಕೂತಿದ್ದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಸಿಮೆಂಟು ಮೆತ್ತಿದ ಬುಟ್ಟಿ. “ಕನ್ನಡದಾವ್ರೇನ್ರಿ ಅವ್ವಾ? ಮಗಾ ಬೈತಾನೇನ್ರಿ?” ಎಂದಳು. ಬಾಗಲಕೋಟೆ ಕಡೆಯವಳು, ಮನೆ ಧಾರಾವಿಯಲ್ಲಿ, ಆಸನಗಾಂವಿನಲ್ಲಿ ಕಟ್ಟುತ್ತಿರುವ ಒಂದು ಬಿಲ್ಡಿಂಗಿನ ಕೆಲಸಕ್ಕೆ ಹೊರಟವಳು. ನಾನು ಸುಮ್ಮನೆ ನೋಡಿಬರಲು ಹೊರಟಿದ್ದೇನೆ ಎಂದೆ. ಅವಳೂ ‘ಯಾಕ್ರಿ’ ಎನ್ನುತ್ತಾಳೆಂದು ಕಾದೆ. ಅವಳು ಎನ್ನಲಿಲ್ಲ.

“ಛಲೋ ಆತ ಬಿಡ್ರಿ. ನಾ ಈ ಊರಿಗಿ ಬಂದು ಹದಿನೆಂಟ ವರ್ಷ ಆತು, ಕೆಲಸ ಇಲ್ದ ಒಂದ ದಿನಾನೂ ಗಾಡಿ ಹತ್ತಿಲ್ಲ. ಮುಂದ ಹೆಂಗೈತಿ ಅಂತ ನಾನೂ ನೋಡಿಲ್ರಿ. ನೀವ್ ನೋಡ್ಕೊಂಡ ಬರ್ರಿ.” ಆಸನಗಾಂವ್ ಬಂದಾಗ ಬುಟ್ಟಿ ತಲೆಗಿಟ್ಟುಕೊಂಡು ಇಳಿದುಹೋದಳು. ಅವಳ ಹೆಸರು ಕೇಳಬೇಕಿತ್ತು ಎಂದು ಆಮೇಲೆ ಅನಿಸಿತು.

ಹಾಗಾದರೆ ಕಸಾರಾದಲ್ಲಿ ಎಂತ ಉಂಟು? ಹೇಳುತ್ತೇನೆ. ಒಂದು ಉದ್ದನೆಯ ಪ್ಲಾಟ್‌ಫಾರ್ಮು ಉಂಟು. ಎದುರಿಗೆ ಗುಡ್ಡಗಳುಂಟು, ಚಪ್ಪಟೆ ತಲೆಯವು, ಲಾವಾ ಹರಿದು ಪದರ ಪದರವಾದವು. ಅವನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ, ಪ್ರತಿ ಸಲವೂ ತಪ್ಪಾಗಿ ಬರೆದಿದ್ದೇನೆ ಎಂದು ಅಂದು ಗೊತ್ತಾಯಿತು. ವಡಾ ಪಾವಿನ ಅಂಗಡಿಯುಂಟು, ನನ್ನ ಮುಖ್ಯ ಪ್ರಶ್ನೆಗೆ ಉತ್ತರವಾಗಿ ಬಾತ್‌ರೂಮೂ ಉಂಟು. ಇನ್ನೊಂದು ನೋಡಿದೆ. ದೂರದೂರಿಗೆ ಹೋಗುವ ಒಂದು ಗಾಡಿ ಬಂದು ನಿಂತಿತು. ಅದರ ಹಿಂಬದಿಗೆ ಬೇರೆ ಎಂಜಿನ್ನುಗಳನ್ನು ತಂದು ಜೋಡಿಸಿದರು. ಮುಂದೆ ಏರು ಜಾಸ್ತಿ, ಒಂದೇ ಎಂಜಿನ್ನಿಗೆ ಎಳೆಯಲಾಗುವುದಿಲ್ಲ, ಹಿಂದಿನಿಂದ ನೂಕಬೇಕು. ಇದನ್ನು ನಾನು ಪಾಠದಲ್ಲಿ ಹೇಳುತ್ತಿದ್ದೆ, ಕಣ್ಣಾರೆ ಕಂಡದ್ದು ಈಗ. ಏರು ಬಂತೆಂದು ಆ ಗಾಡಿಗೆ ಯಾರೂ ‘ನೀನಿನ್ನು ಮನೆಯಲ್ಲಿರು’ ಎನ್ನಲಿಲ್ಲ. ಹಿಂದಿನಿಂದ ನಾಲ್ಕು ಮಂದಿ ಸೇರಿ ನೂಕಿ ಕಳಿಸಿದರು. ಅದು ಘಟ್ಟದ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಎರಡು ವಡಾ ಪಾವ್ ತಿಂದೆ, ಖಾರದ ಚಟ್ನಿ ಹಾಕಿಸಿಕೊಂಡೇ ತಿಂದೆ.

ಬರುವಾಗ ಟಿಟ್ವಾಲಾದಲ್ಲಿ ಇಳಿದು ಆಟೋ ಮಾಡಿಕೊಂಡು ದೇವಸ್ಥಾನಕ್ಕೆ ಹೋದೆ. ಸುಳ್ಳಿಗೆ ಪ್ರಾಯಶ್ಚಿತ್ತವೆಂದಲ್ಲ, ಕೇತಕಿಯ ಕಾಯಿ ಅವಳಿಗೇ ತಿರುಗಿ ಕೊಡುವುದು ಹೇಗೆ? ಕಾಯಿ ಒಡೆಸಿದೆ, ಪ್ರಮೋಶನ್ನಿನ ವಿಷಯ ಹೇಳಿದೆ. ಮೊದಲು ಕಸಾರಾಕ್ಕೆ ಹೋಗಿ ಆಮೇಲೆ ಬಂದೆಯಾ ಎಂದು ಗಣಪತಿ ಕೇಳಲಿಲ್ಲ.

ಮನೆಯಲ್ಲಿ ಮೂವರೂ ಸಾಲಾಗಿ ಸೋಫಾದ ಮೇಲೆ ಕೂತಿದ್ದರು, ರಿಸಲ್ಟಿಗೆ ಕಾದವರ ಹಾಗೆ. ಪ್ರಸಾದ ಕೊಟ್ಟೆ. ಕೇತಕಿಯ ಕಣ್ಣು ಕೆಂಪಾಗಿತ್ತು. ನಿಖಿಲ, “ಎಲ್ಲಿಗೆ ಹೋಗ್ತೀ ಅಂತ ಸರಿ ಹೇಳಿಬಿಟ್ಟು ಹೋಗು ಅಮ್ಮಾ. ಬಸ್. ಐದು ನಿಮಿಷ ಜೀವ ಬಾಯಿಗೆ ಬಂದಿತ್ತು” ಎಂದ. ಒಪ್ಪಿಕೊಂಡೆ. ಎಲ್ಲಿಗೆ ಎಂದು ನಾನು ಹೇಳಬೇಕು, ಯಾಕೆ ಎಂದು ಅವರು ಕೇಳಬಾರದು. ಹೀಗೆ ಕರಾರಾಯಿತು. ಗೆದ್ದೆ ಎಂದುಕೊಂಡು ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇಷ್ಟು ಹೊತ್ತು ಬೇರೆಯವರ ಮೇಲೆ ಹರಿಹಾಯ್ದವಳು ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಕಸಾರಾದಿಂದ ಬರುವಾಗ ಗಾಡಿಯಲ್ಲಿ ಅದು ನೆನಪಾಯಿತು, ಆಮೇಲೆ ಬಿಟ್ಟಿಲ್ಲ. ನಿಖಿಲ ಚಿಕ್ಕವನಿದ್ದಾಗ ಅತ್ತೆ ನಮ್ಮ ಜೊತೆ ಇದೇ ಮನೆಯಲ್ಲಿದ್ದರು. ಆಗ ಅವರಿಗೆ ನನ್ನ ಈಗಿನ ವಯಸ್ಸು. ಒಂದು ಮಧ್ಯಾಹ್ನ ಅವರೆಕಾಳು ಸುಲಿಯುತ್ತಾ ನನ್ನನ್ನು ಕೇಳಿದರು, “ಆ ಎರಡು ಮಾಳಿಗೆಯ ಬಸ್ಸು ಉಂಟಲ್ಲ ಮಾರಾಯ್ತಿ, ಅದರ ಮೇಲೆ ಎದುರಿನ ಸೀಟಿನಲ್ಲಿ ಕೂತು, ಕಡೇ ಸ್ಟಾಪಿನವರೆಗೆ ಹೋಗಿ ಬರುವನಾ?” ನಾನು ಪೇಪರು ತಿದ್ದುತ್ತಿದ್ದೆ. ತಲೆ ಎತ್ತದೆ, “ಅಲ್ಲಿ ನಿಮಗೆ ಯಾರಿದ್ದಾರೆ ಅತ್ತೆ?” ಎಂದೆ.

“ಯಾರೂ ಇಲ್ಲ. ಸುಮ್ನೆ” ಎಂದರು ಅತ್ತೆ. ಮತ್ತೆ ಆ ಮಾತು ಎತ್ತಲಿಲ್ಲ. ಆಮೇಲೆ ಅವರು ಒಂಬತ್ತು ವರ್ಷ ನಮ್ಮ ಜೊತೆ ಇದ್ದರು. ಸುಳ್ಳು ಹೇಳಿ ಹೋಗಲು ಅವರಿಗೆ ಯಾವ ಲೈನಿನಲ್ಲಿ ಯಾವ ದೇವಸ್ಥಾನವಿದೆ ಎಂದೂ ಗೊತ್ತಿರಲಿಲ್ಲ. ಬಸ್ ಸ್ಟಾಪು ನಮ್ಮ ಬಿಲ್ಡಿಂಗಿನ ಎದುರಿಗೇ ಇತ್ತು. ಅಂದು ಭಾನುವಾರ, ನನಗೆ ರಜೆಯಿತ್ತು.